ಕಾಯ್ದೆಗೆ ಅರ್ಥ ಹೇಳುವವರು ಯಾರು? ಶೆವ್ರಾನ್ ತತ್ವ ಮತ್ತು ಅಮೆರಿಕದ ಸಂಪ್ರದಾಯವಾದಿ ಚಿಂತನೆ

ಕಾಯ್ದೆಯ ಮಾತು ಅಸ್ಪಷ್ಟವಾಗಿದ್ದಾಗ ಅದಕ್ಕೆ ಅರ್ಥ ಹೇಳುವ ಅಧಿಕಾರ ಯಾರದು? ಈ ಪ್ರಶ್ನೆಗೆ ಅಮೆರಿಕದ ಸಂಪ್ರದಾಯವಾದಿಗಳು 40 ವರ್ಷಗಳ ಅಂತರದಲ್ಲಿ ಎರಡು ವಿರುದ್ಧ ಉತ್ತರಗಳನ್ನು ಕೊಟ್ಟಿದ್ದಾರೆ. ಇದನ್ನು ಬರಿಯ ಪಕ್ಷರಾಜಕಾರಣವೆಂದು ತಳ್ಳಿಹಾಕುವವರಿದ್ದಾರೆ. ಎರಡೂ ಉತ್ತರಗಳ ಹಿಂದೆ ಒಂದೇ ಕಾಳಜಿಯಿದೆ ಎಂಬುದು ಈ ಲೇಖನದ ವಾದ: ಜನರಿಗೆ ಉತ್ತರ ಹೇಳಬೇಕಾಗಿಲ್ಲದವರು ಕಾನೂನು ಮಾಡಬಾರದು. ಆದರೆ ಆ ಕಾಳಜಿ ಎರಡರಲ್ಲೂ ಪೂರ್ತಿ ಈಡೇರಿಲ್ಲ.

ಮೊದಲ ಉತ್ತರ ಅಧ್ಯಕ್ಷ ರೇಗನ್ ಕಾಲದ್ದು. 1981ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆಯು ಶುದ್ಧ ವಾಯು ಕಾಯ್ದೆಯಡಿ ಇಡೀ ಕಾರ್ಖಾನೆಯನ್ನೇ ಮಾಲಿನ್ಯದ ಒಂದು ಮೂಲವೆಂದು ಪರಿಗಣಿಸಲು ಅವಕಾಶ ಕೊಟ್ಟಿತು. ಒಂದು ಯಂತ್ರದಿಂದ ಹೊಗೆ ಹೆಚ್ಚಿದರೂ ಇನ್ನೊಂದರಲ್ಲಿ ತಗ್ಗಿಸಿ ಸರಿದೂಗಿಸಿದರೆ ಸಾಕಿತ್ತು. ಮೇಲ್ಮನವಿ ನ್ಯಾಯಾಲಯ ಈ ನಿಯಮವನ್ನು ರದ್ದುಪಡಿಸಿತು. ಆದರೆ 1984ರ ಶೆವ್ರಾನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ಎತ್ತಿಹಿಡಿಯಿತು. ಕಾಯ್ದೆ ಅಸ್ಪಷ್ಟವಾಗಿದ್ದು ಸಂಸ್ಥೆಯ ವ್ಯಾಖ್ಯಾನ ಸಮಂಜಸವಾಗಿದ್ದರೆ ನ್ಯಾಯಾಲಯ ಅದನ್ನು ಮಾನ್ಯ ಮಾಡಬೇಕು ಎಂಬ ತತ್ವ ಹುಟ್ಟಿದ್ದು ಹೀಗೆ. ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ 1989ರ ಉಪನ್ಯಾಸದಲ್ಲಿ ಇದನ್ನು ಸಮರ್ಥಿಸಿದರು. ಅಧ್ಯಕ್ಷರನ್ನು ಮತದಾರರು ಬದಲಿಸಬಹುದು, ನ್ಯಾಯಾಧೀಶರನ್ನು ಬದಲಿಸಲಾಗದು ಎಂಬುದು ಅಂದಿನ ಬಲವಾದ ತರ್ಕ.

ಸರ್ಕಾರ ಬದಲಾದಂತೆಲ್ಲ ಅದೇ ಕಾಯ್ದೆಗೆ ಹೊಸ ಅರ್ಥ ಬರತೊಡಗಿದಾಗ ಈ ತರ್ಕ ಸಡಿಲವಾಯಿತು. 2005ರಲ್ಲಿ ಶೆವ್ರಾನ್ ತತ್ವವನ್ನು ವಿಸ್ತರಿಸುವ ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್, 2020ರಲ್ಲಿ ಅದು ತಪ್ಪಾಗಿತ್ತೆಂದು ತಾವೇ ಬರೆದರು.

ತತ್ವವನ್ನು ಕೊನೆಗೊಳಿಸಿದ್ದು ಅಟ್ಲಾಂಟಿಕ್‌ನ ಹೆರಿಂಗ್ ಮೀನುಗಾರರ ಮೊಕದ್ದಮೆ. ದೋಣಿಯಲ್ಲಿ ಸರ್ಕಾರದ ಮಾನ್ಯತೆ ಪಡೆದ ವೀಕ್ಷಕರನ್ನು ಕೂರಿಸಿಕೊಳ್ಳಬೇಕು, ದಿನಕ್ಕೆ 710 ಡಾಲರ್‌ವರೆಗಿನ ಅವರ ವೆಚ್ಚವನ್ನೂ ದೋಣಿಯವರೇ ಭರಿಸಬೇಕು ಎಂದು 2020ರ ನಿಯಮ ಹೇಳಿತ್ತು. ವೆಚ್ಚ ಭರಿಸಬೇಕಾದವರೆಂದು 1976ರ ಮೀನುಗಾರಿಕೆ ಕಾಯ್ದೆ ಕೆಲವರನ್ನಷ್ಟೇ ಹೆಸರಿಸುತ್ತದೆ. ಹೆರಿಂಗ್ ದೋಣಿಗಳು ಅದರಲ್ಲಿಲ್ಲ. 2024ರ ಜೂನ್ 28ರಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, 1946ರ ಆಡಳಿತ ಕಾರ್ಯವಿಧಾನ ಕಾಯ್ದೆಯ ಪ್ರಕಾರ ಕಾನೂನಿನ ಅರ್ಥ ನಿರ್ಧರಿಸುವುದು ನ್ಯಾಯಾಲಯದ್ದೇ ಕರ್ತವ್ಯ ಎಂದರು. ಇದೇ ಎರಡನೆಯ ಉತ್ತರ. ಭಿನ್ನಮತ ಬರೆದ ನ್ಯಾಯಮೂರ್ತಿ ಎಲೆನಾ ಕೇಗನ್ ಎತ್ತಿದ ಪ್ರಶ್ನೆ ಗಟ್ಟಿಯಾದದ್ದು: ಅಮೈನೋ ಆಮ್ಲಗಳ ಸರಪಳಿ ಯಾವಾಗ ಪ್ರೋಟೀನ್ ಎನಿಸುತ್ತದೆ ಎಂಬುದನ್ನು ನ್ಯಾಯಾಧೀಶರು ತೀರ್ಮಾನಿಸಬೇಕೇ?

ಮೊದಲ ಉತ್ತರವೂ ಸತ್ತಿಲ್ಲ. ಸ್ವತಂತ್ರ ಆಯೋಗಗಳನ್ನು ಶ್ವೇತಭವನದ ಮೇಲ್ವಿಚಾರಣೆಗೆ ತರುವ 2025ರ ಫೆಬ್ರವರಿಯ ಅಧ್ಯಕ್ಷೀಯ ಆದೇಶ, ಕಾನೂನಿನ ವಿಷಯದಲ್ಲಿ ಅಧ್ಯಕ್ಷರ ಮತ್ತು ಅಟಾರ್ನಿ ಜನರಲ್‌ರ ವ್ಯಾಖ್ಯಾನವೇ ಕಾರ್ಯಾಂಗದ ನೌಕರರನ್ನು ಬಂಧಿಸುತ್ತದೆ ಎನ್ನುತ್ತದೆ. ಹೀಗೆ ಸಂಪ್ರದಾಯವಾದದ ಒಂದು ಕೈ ಅಧಿಕಾರವನ್ನು ನ್ಯಾಯಾಲಯಕ್ಕೂ ಇನ್ನೊಂದು ಕೈ ಅಧ್ಯಕ್ಷರಿಗೂ ಕೊಡುತ್ತಿದೆ. ಆದರೆ ಸಂವಿಧಾನದ ಮೊದಲ ವಿಧಿ ಶಾಸನಾಧಿಕಾರ ಕೊಟ್ಟಿರುವುದು ಕಾಂಗ್ರೆಸ್ಸಿಗೆ. ಆ ಕಾಂಗ್ರೆಸ್ಸಿಗೆ ತಾಂತ್ರಿಕ ವಿಷಯಗಳಲ್ಲಿ ಸಲಹೆ ಕೊಡಲೆಂದು 1972ರಲ್ಲಿ ಸ್ಥಾಪನೆಯಾದ ತಂತ್ರಜ್ಞಾನ ಮೌಲ್ಯಮಾಪನ ಕಚೇರಿಯನ್ನು 1995ರಲ್ಲಿ ಮುಚ್ಚಿಸಿದ್ದು ರಿಪಬ್ಲಿಕನ್ ಬಹುಮತವೇ. ತಜ್ಞರ ನೆರವಿಲ್ಲದ ಶಾಸಕಾಂಗ ಅಸ್ಪಷ್ಟ ಕಾಯ್ದೆ ಬರೆಯುತ್ತದೆ, ಅದಕ್ಕೆ ಬೇರೆಯವರು ಅರ್ಥ ತುಂಬುತ್ತಾರೆ. ಆದ್ದರಿಂದ 2024ರ ತೀರ್ಪು ಸಂಪ್ರದಾಯವಾದಿಗಳ ಗೆಲುವೆನಿಸಬೇಕಾದರೆ, ಕಾಂಗ್ರೆಸ್ಸಿನ ಸಮಿತಿಗಳಿಗೆ ಸಿಬ್ಬಂದಿ, ತಜ್ಞರು ಮತ್ತು ಸಮಯ ಒದಗಿಸುವ ಹೊಣೆಯನ್ನೂ ಅವರು ಹೊರಬೇಕು.