ಒಬ್ಬರು ಓದಿದರೆ ಊರೇ ಓದಿದಂತೆ

ವರ್ಷ ಮುಗಿಯುವ ಹೊತ್ತಿಗೆ ಕಾದಂಬರಿಕಾರರನ್ನು ಹಿಡಿದು, ‘ಈ ವರ್ಷ ಓದಿದ್ದರಲ್ಲಿ ನಿಮಗೆ ಹಿಡಿಸಿದ ಪುಸ್ತಕ ಯಾವುವು’ ಎಂದು ಕೇಳುವುದು ಪತ್ರಿಕೆಗಳ ರೂಢಿ. ಓದುವವನು ಒಬ್ಬನೇ, ಪುಸ್ತಕ ಅವನ ಸ್ವಂತದ್ದು, ಓದು ಕಣ್ಣಿನ ಕೆಲಸ ಎಂಬ ನಂಬಿಕೆ ಆ ಪಟ್ಟಿಗಳ ಬುಡದಲ್ಲಿದೆ. ಇದೇ ಅಳತೆಗೋಲು ಹಿಡಿದು ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸೀಮೆಯನ್ನು ಅಳೆದರೆ ಸಿಗುವುದು ಬರಗಾಲ. 2011ರ ಜನಗಣತಿಯಲ್ಲೂ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56, ರಾಜ್ಯದ್ದು 75.36. ಹಾಗಾಗಿಯೇ ಈ ನೆಲಕ್ಕೆ ಓದು ಬಂದದ್ದು ಈಚೆಗೆ, ಶಾಲೆಯ ಜೊತೆಗೆ ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ. ಕೃಷ್ಣೆ-ತುಂಗಭದ್ರೆಯ ನಡುವಿನ ಈ ಸೀಮೆಯಲ್ಲಿ ಓದು ಬಹಳ ಹಳೆಯದು. ಅದು ಒಬ್ಬರು ಓದಿ ನೂರು ಜನ ಕೇಳುವ ಓದು. ಇಲ್ಲಿಂದ ಬಂದ ಕಾದಂಬರಿಗಳ ಗುಣವನ್ನು ತಿಳಿಯಬೇಕಾದರೂ ಆ ಕೇಳುವಿಕೆಯಿಂದಲೇ ಹೊರಡಬೇಕು.

ಮಸ್ಕಿಯ ಬಂಡೆಯನ್ನೇ ನೋಡಿ. 1915ರಲ್ಲಿ ಬಂಗಾರದ ಅದಿರಿನ ಜಾಡು ಹಿಡಿದು ಬಂದಿದ್ದ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಓದಿದರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೇ ಮೊದಲು ಸಿಕ್ಕಿದ್ದು ಇಲ್ಲಿ. ಇದು ಶಾಲೆಯ ಹುಡುಗರಿಗೂ ಗೊತ್ತು. ಆದರೆ ಹೆಸರು ಸಿಕ್ಕ ಸಂಭ್ರಮದಲ್ಲಿ ಶಾಸನ ಏನನ್ನುತ್ತದೆ ಎಂಬುದನ್ನು ಕೇಳುವವರು ಕಡಿಮೆ. ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬ ಅಪ್ಪಣೆ ಅದರ ಕೊನೆಯಲ್ಲಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಊರಿನವರು ನಿಂತು ಓದಿಕೊಳ್ಳಲಿ ಎಂದು ಕೆತ್ತಿಸಿದ್ದಲ್ಲ. ಕರ್ನೂಲು ಜಿಲ್ಲೆಯ ಎರ್ರಗುಡಿ ಶಾಸನದಲ್ಲಂತೂ ಭೇರಿ ಹೊಡೆಸಿ ಜನರಿಗೆ ತಿಳಿಸುವ ಪ್ರಸ್ತಾಪವೇ ಇದೆ. ಬಂಡೆಯ ಮೇಲಿನ ಬರಹ ಅಂದಿಗೂ ಬಾಯಿಂದಲೇ ಕಿವಿಗೆ ಹೋಗಬೇಕಿತ್ತು.

ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಅಂಬಾಮಠಕ್ಕೆ ಬಂದರೆ ಇದೇ ರೀತಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಚಿದಾನಂದಾವಧೂತರ ‘ದೇವಿ ಪುರಾಣ’ ಹುಟ್ಟಿದ ಜಾಗವೆಂದು ಭಕ್ತರು ನಂಬುವುದು ಇದನ್ನೇ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನವರಾತ್ರಿ ಬಂತೆಂದರೆ ಈ ಪುರಾಣ ಹಚ್ಚುತ್ತಾರೆ. ವ್ಯಾಸಪೀಠದ ಮೇಲೆ ವಸ್ತ್ರ ಹಾಸಿ ಪುಸ್ತಕ ಇಡುತ್ತಾರೆ, ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ಕೊನೆಯ ದಿನ ಪುರಾಣ ಮಂಗಲ. ಅಕ್ಷರ ಕಲಿಯದ ಮುದುಕಿಗೂ ರಕ್ತಬೀಜಾಸುರನ ಪ್ರಸಂಗ ಇಂದೋ ನಾಳೆಯೋ ಎಂಬುದು ಗೊತ್ತಿರುತ್ತದೆ. ಅರ್ಥ ಹೇಳುವವರು ಹಾರಿಸಿದರೆ ಸಿಕ್ಕಿಬಿದ್ದಂತೆಯೇ. ವರ್ಷಕ್ಕೊಮ್ಮೆ ಮರಳಿ ಓದಿಸಿಕೊಳ್ಳುವ ಪುಸ್ತಕಕ್ಕಿಂತ ಮೆಚ್ಚಿನ ಪುಸ್ತಕ ಇನ್ನಾವುದು? ದಾಸರ ಪದಗಳೂ ಹೀಗೆಯೇ ಹಬ್ಬಿದವು. ಮಾನ್ವಿ ಕಡೆಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ದಂಥ ಗಟ್ಟಿ ಶಾಸ್ತ್ರಗ್ರಂಥ ಮನೆಮನೆಯ ಪಾರಾಯಣವಾದದ್ದು ಹಾಡಿನ ಬಲದಿಂದ. ಅವರ ಶಿಷ್ಯ ಪ್ರಾಣೇಶದಾಸರು ಕಸಬಾ ಲಿಂಗಸುಗೂರಿನವರು. ಮುದಗಲ್ಲಿನ ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳು ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಉಳಿಸಿದ್ದೂ ಕೇಳಿ ಕಲಿತವರ ಬಾಯಲ್ಲಿಯೇ.

ಕೇಳುವುದನ್ನು ಓದು ಎನ್ನುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಪುಟ ತಿರುವಿ ಹಿಂದೆ ಹೋಗುವ, ಬೇಡವಾದದ್ದನ್ನು ಮುಚ್ಚಿಡುವ ಸ್ವಾತಂತ್ರ್ಯ ಕೇಳುಗನಿಗೆ ಇಲ್ಲವಲ್ಲ? ಇಲ್ಲ, ಒಪ್ಪಬೇಕಾದದ್ದೇ. ಪುಸ್ತಕ ಆರಿಸುವವರು ಮಠದವರು, ಊರ ಹಿರಿಯರು. ಯಾರು ಗುಡಿಯ ಒಳಗೆ ಕೂಡಬೇಕು, ಯಾರು ಹೊರಗೆ ನಿಂತು ಕೇಳಬೇಕು ಎಂಬುದನ್ನು ಜಾತಿ ನಿರ್ಧರಿಸಿತ್ತು. ಹೆಂಗಸರು ಕೇಳಬಹುದಿತ್ತು, ವ್ಯಾಸಪೀಠ ಮಾತ್ರ ಅವರದಾಗಿರಲಿಲ್ಲ. ಶಾಲೆಯೂ ಅಗ್ಗದ ಅಚ್ಚಿನ ಪುಸ್ತಕವೂ ಈ ಕಟ್ಟನ್ನು ಸಡಿಲಿಸಿದವು; ಆ ಲಾಭವನ್ನು ಹಳೆಯದರ ಮೋಹದಲ್ಲಿ ಅಲ್ಲಗಳೆಯುವುದು ಅನ್ಯಾಯ. ಆದರೆ ಕೇಳುಗರು ಪೆದ್ದರಾಗಿದ್ದರು ಎಂಬ ತೀರ್ಮಾನ ಇದರಿಂದ ಹುಟ್ಟುವುದಿಲ್ಲ. ಷಟ್ಪದಿಯ ಅರ್ಥಕ್ಕೆ ತಕರಾರು ತೆಗೆಯುವ, ಕಥೆಯ ಎಳೆಯನ್ನು ವರ್ಷಗಟ್ಟಲೆ ನೆನಪಿಡುವ ಮಂದಿಯ ತಿಳಿವಳಿಕೆ ಕಣ್ಣಿನ ಓದಿಗೆ ಯಾವ ರೀತಿಯಲ್ಲೂ ಕಡಿಮೆಯದಲ್ಲ.

ಕಾದಂಬರಿಕಾರರ ಕಡೆ ತಿರುಗಿದರೆ ಈ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, 1839ರಲ್ಲೇ ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯಿಂದ ಹೆಸರಾಗಿದ್ದ. ಅದರಲ್ಲಿ ಅಮೀರ್ ಅಲಿ ಹೇಳುತ್ತಾ ಹೋಗುತ್ತಾನೆ, ಸಾಹೇಬ ಕೇಳುತ್ತಾನೆ. ಮುಂದೆ ಚಾಂದಬೀಬಿಯ ಮೇಲೆ ಬರೆದ ಕಾದಂಬರಿಗೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲನ್ನೂ ಅಲ್ಲಿನ ಕ್ರೈಸ್ತರನ್ನೂ ತಂದ. ಟೇಲರ್ ಹೊರಗಿನವನು, ಅವನ ಮಾತು ಬಿಡಿ ಎಂದರೆ, 1924ರಲ್ಲಿ ಅದೇ ತಾಲ್ಲೂಕಿನ ಹೆಂಬೆರಾಳದಲ್ಲಿ ಹುಟ್ಟಿದ ಶಾಂತರಸರಿದ್ದಾರೆ. ‘ಸಣ್ಣ ಗೌಡಸಾನಿ’ ಕಾದಂಬರಿ ಬರೆದ, 2006ರ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಅವರು ಕನ್ನಡಕ್ಕೆ ಗಜಲ್‌ ತಂದವರಲ್ಲಿ ಮುಂಚೂಣಿಯವರು. ಮಿರ್ಜಾ ಹಾದಿ ರುಸ್ವಾನ ‘ಉಮ್ರಾವ್ ಜಾನ್ ಅದಾ’ವನ್ನೂ ಕನ್ನಡಿಸಿದರು. ಅದರ ಕಟ್ಟಡವೂ ಕೇಳುವಿಕೆಯದೇ: ಮುಶಾಯಿರಾದಿಂದ ಮೊದಲಾಗಿ, ಉಮ್ರಾವ್ ತನ್ನ ಬಾಳನ್ನು ರುಸ್ವಾನಿಗೆ ಹೇಳುತ್ತಾಳೆ. ಗಜಲ್ ಮತ್ತು ಈ ಕಾದಂಬರಿ, ಎರಡೂ ಸಭೆಯಲ್ಲಿ ಬಾಯಿಬಿಡುವ ಸಾಹಿತ್ಯ. ಶಾಂತರಸರಿಗೆ ಇವೇ ಒಗ್ಗಿದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಇವೆರಡೂ ಉರ್ದುವಿನಿಂದ ಬಂದವು. ಉರ್ದು ಈ ಸೀಮೆಯನ್ನು ಆಳಿದ ನಿಜಾಮ ಹೇರಿದ ಭಾಷೆ, ಅದರ ಗುಣಗಾನವೇಕೆ ಎನ್ನುವವರ ಸಿಟ್ಟಿಗೆ ಕಾರಣವಿದೆ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು ಎಂಬ ಸ್ಥಿತಿಯಲ್ಲಿ ಎಷ್ಟೋ ಮಕ್ಕಳ ಓದು ನಿಂತಿತು. ಆ ಧೋರಣೆಗೆ ಸಮರ್ಥನೆಯಿಲ್ಲ. ಆದರೂ ಆ ತೊಡಕನ್ನು ದಾಟಿ ಬಂದವರು ಉರ್ದುವಿನಿಂದ ಕೈಯಲ್ಲಿ ಏನು ತಂದರು ಎಂಬುದು ಬೇರೆ ಪ್ರಶ್ನೆ. ಭಾಷೆಗಳ ಬೆರಕೆ ಉರ್ದುವಿಗೇ ನಿಲ್ಲಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಕ್ಯಾಂಪುಗಳಿಗೆ ತೆಲುಗರು ಬಂದರು, ಪೂರ್ವ ಪಾಕಿಸ್ತಾನದ ಬಂಗಾಳಿ ನಿರಾಶ್ರಿತರು ಬಂದರು. ಕಿವಿಗೆ ಬೀಳುವ ಕಥೆಗಳ ಭಾಷೆ ಇನ್ನೂ ಎರಡು ಹೆಚ್ಚಿತು.

ಇದಾವುದೂ ಗ್ರಂಥಾಲಯದ ರಿಜಿಸ್ಟರಿನಲ್ಲಿ ಸಿಗುವುದಿಲ್ಲ. ಈ ಮೂರು ತಾಲ್ಲೂಕುಗಳ ಕಾಲೇಜುಗಳ ಕನ್ನಡ ಅಧ್ಯಾಪಕರು, ತಮ್ಮ ವಿದ್ಯಾರ್ಥಿಗಳನ್ನು ಊರೂರಿಗೆ ಕಳಿಸಿ, ಯಾವ ಗುಡಿಯಲ್ಲಿ ಯಾವ ಪುರಾಣ ಹಚ್ಚುತ್ತಿದ್ದರು, ಯಾರು ಓದುತ್ತಿದ್ದರು, ಯಾರನ್ನು ಎಲ್ಲಿ ಕೂಡಿಸುತ್ತಿದ್ದರು ಎಂಬುದನ್ನು ಎಂಬತ್ತು ದಾಟಿದವರ ಬಾಯಿಂದ ಈಗಲೇ ಬರೆಸಿಕೊಳ್ಳಬೇಕು.