ಜಿಂಬಾಬ್ವೆಯ ಮೂರು ಪ್ರೇಕ್ಷಣೀಯ ಸ್ಥಳಗಳು: ಹೆಸರಿನ ಹಿಂದಿನ ಚರಿತ್ರೆ

ಬ್ಯಾಂಕಿನಲ್ಲಿ ದಿನವಿಡೀ ನೋಟು ಎಣಿಸುವ ನನ್ನಂಥ ಗುಮಾಸ್ತರಿಗೆ ನೋಟಿನ ಮೇಲಿನ ಚಿತ್ರಗಳನ್ನು ಗಮನಿಸುವ ಅಭ್ಯಾಸ ತಾನಾಗಿ ಬರುತ್ತದೆ. ಒಂದು ದೇಶ ಯಾವುದನ್ನು ತನ್ನ ಹೆಮ್ಮೆಯೆಂದು ತಿಳಿದಿದೆ ಎಂಬುದು ಅಲ್ಲಿ ಕಾಣುತ್ತದೆ. ಆಫ್ರಿಕಾದ ಆಗ್ನೇಯ ಭಾಗದ ಜಿಂಬಾಬ್ವೆ 2009ರಲ್ಲಿ ಒಂದು ಕೋಟಿ ಕೋಟಿ ಡಾಲರಿನ, ಅಂದರೆ ಒಂದರ ಮುಂದೆ ಹದಿನಾಲ್ಕು ಸೊನ್ನೆಗಳಿರುವ, ನೋಟನ್ನು ಹೊರಡಿಸಿತು. ಬೆಲೆಯೇರಿಕೆಯ ಹೊಡೆತಕ್ಕೆ ಆ ಹಣದ ಚಲಾವಣೆ ಅದೇ ವರ್ಷ ನಿಂತುಹೋಯಿತು. ಆ ನೋಟಿನ ಹಿಂಬದಿಯಲ್ಲಿ ಒಂದು ಕಾಡೆಮ್ಮೆಯ ಜೊತೆಗೆ ಒಂದು ಜಲಪಾತದ ಚಿತ್ರವಿದೆ.

ನಾನು ಆ ದೇಶವನ್ನು ಕಂಡವನಲ್ಲ. ಓದಿ ತಿಳಿದದ್ದನ್ನಷ್ಟೇ ಇಲ್ಲಿ ಹೇಳುತ್ತಿದ್ದೇನೆ. ಅಲ್ಲಿಗೆ ಹೋದ ಪ್ರವಾಸಿಗಳು ಸಾಮಾನ್ಯವಾಗಿ ನೋಡುವ ಸ್ಥಳಗಳಲ್ಲಿ ಮುಖ್ಯವಾದವು ಮೂರು: ವಿಕ್ಟೋರಿಯಾ ಜಲಪಾತ, ಗ್ರೇಟ್ ಜಿಂಬಾಬ್ವೆ ಎಂಬ ಕಲ್ಲಿನ ನಗರ ಮತ್ತು ಕರೀಬಾ ಸರೋವರ. ಇವುಗಳ ಸೊಬಗನ್ನು ವರ್ಣಿಸುವ ಪುಸ್ತಕಗಳು ಬೇಕಾದಷ್ಟಿವೆ. ಗಡಿನಾಡಿನಲ್ಲಿ ಬಾಳುವ ನಮ್ಮನ್ನು ಯೋಚನೆಗೆ ಹಚ್ಚುವುದು ಇವುಗಳ ಚರಿತ್ರೆ. ಆ ನೆಲದಲ್ಲಿ ಮೊದಲಿನಿಂದ ಇದ್ದವರ ಮಾತಿಗೆ ಎಷ್ಟು ಬೆಲೆ ಸಿಕ್ಕಿತು ಎಂಬ ಪ್ರಶ್ನೆ ಮೂರು ಕಡೆಯೂ ಎದುರಾಗುತ್ತದೆ.

ಜಾಂಬೆಜಿ ನದಿ ಸುಮಾರು 1,700 ಮೀಟರ್ ಅಗಲಕ್ಕೆ ಹರಡಿ, ನೂರು ಮೀಟರಿಗೂ ಹೆಚ್ಚು ಆಳದ ಕಂದಕಕ್ಕೆ ಒಮ್ಮೆಲೇ ಧುಮುಕುವ ಸ್ಥಳವೇ ವಿಕ್ಟೋರಿಯಾ ಜಲಪಾತ. ಸ್ಕಾಟ್ಲೆಂಡಿನ ಡೇವಿಡ್ ಲಿವಿಂಗ್‌ಸ್ಟನ್ 1855ರ ನವೆಂಬರಿನಲ್ಲಿ ಸ್ಥಳೀಯರ ದೋಣಿಯಲ್ಲಿ ಅಲ್ಲಿಗೆ ಹೋಗಿ, ತನ್ನ ರಾಣಿಯ ಹೆಸರನ್ನು ಅದಕ್ಕಿಟ್ಟ. ದಾರಿ ತೋರಿಸಿದವರಿಗೆ ಆ ಜಲಪಾತ ಹೊಸದೇನೂ ಆಗಿರಲಿಲ್ಲ. ಕೊಲೊಲೊ ಜನ ಅದನ್ನು 'ಮೋಸಿ ಓವಾ ತುನ್ಯಾ' ಎನ್ನುತ್ತಿದ್ದರು. ಗುಡುಗುವ ಹೊಗೆ ಎಂದು ಅರ್ಥ. ಕೊಲೊಲೊಗಳೂ ದಕ್ಷಿಣದಿಂದ ವಲಸೆ ಬಂದವರೇ. ಅವರಿಗಿಂತ ಮೊದಲೇ ನದಿಯ ದಂಡೆಯಲ್ಲಿ ನೆಲೆಸಿದ್ದ ತೋಂಗಾ ಜನರ ಬಾಯಲ್ಲಿ ಅದು 'ಶುಂಗು ನಾಮುತಿತಿಮಾ', ಕುದಿಯುವ ನೀರು. ಹೀಗೆ ಒಂದೇ ಜಲಪಾತಕ್ಕೆ ಮೂರು ಹೆಸರು. 1989ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕೊಲೊಲೊ ಹೆಸರನ್ನೂ ಇಂಗ್ಲಿಷ್ ಹೆಸರನ್ನೂ ಜೊತೆಯಾಗಿ ಬರೆಯಿತು. ತೋಂಗಾ ಹೆಸರಿಗೆ ಅಲ್ಲಿ ಸ್ಥಾನ ದೊರೆಯಲಿಲ್ಲ.

ಎರಡನೆಯದು ಗ್ರೇಟ್ ಜಿಂಬಾಬ್ವೆ. ಶೋನಾ ಭಾಷೆಯಲ್ಲಿ ಜಿಂಬಾಬ್ವೆ ಎಂದರೆ ಕಲ್ಲಿನ ಮನೆಗಳು. 11ನೆಯ ಶತಮಾನದಿಂದ 15ನೆಯ ಶತಮಾನದವರೆಗೆ ಶೋನಾ ಜನರ ಹಿರಿಯರು ಕಗ್ಗಲ್ಲನ್ನು ಕಡಿದು, ಗಾರೆಯಿಲ್ಲದೆ ಒಂದರ ಮೇಲೊಂದು ಜೋಡಿಸಿ ಈ ನಗರವನ್ನು ಕಟ್ಟಿದರು. ದೊಡ್ಡ ಆವರಣದ ಹೊರಗೋಡೆ ಸುಮಾರು 250 ಮೀಟರ್ ಸುತ್ತಳತೆಯದು, ಕೆಲವೆಡೆ 11 ಮೀಟರ್ ಎತ್ತರವಿದೆ. ಇಲ್ಲಿಂದ ಚಿನ್ನ ಪೂರ್ವ ಕರಾವಳಿಯ ಸೊಫಾಲಾ, ಕಿಲ್ವಾ ಬಂದರುಗಳ ಕಡೆಗೆ ಸಾಗುತ್ತಿತ್ತು. ಬದಲಿಗೆ ಹಿಂದೂ ಮಹಾಸಾಗರ ದಾಟಿ ಬಂದ ಸರಕುಗಳಲ್ಲಿ ಭಾರತದ ಗಾಜಿನ ಮಣಿಗಳೂ ಚೀನಾದ ಪಿಂಗಾಣಿಯೂ ಈ ಅವಶೇಷಗಳ ನಡುವೆ ಸಿಕ್ಕಿವೆ.

1871ರಲ್ಲಿ ಇದನ್ನು ಕಂಡ ಜರ್ಮನಿಯ ಕಾರ್ಲ್ ಮೌಖ್ ಇದು ಶೀಬಾ ರಾಣಿಯ ಅರಮನೆ ಇರಬೇಕೆಂದು ಬರೆದ. ಕರಿಯರು ಇಂಥದನ್ನು ಕಟ್ಟಿರಲಾರರು ಎಂಬುದೇ ಅವನ ನಂತರ ಬಂದ ಹಲವರ ತೀರ್ಮಾನವೂ ಆಗಿತ್ತು. 1902ರಲ್ಲಿ ಇಲ್ಲಿಯ ಉಸ್ತುವಾರಿಗೆ ನೇಮಕಗೊಂಡ ರಿಚರ್ಡ್ ಹಾಲ್, ಸ್ಥಳೀಯರು ಬಾಳಿದ ಕುರುಹುಗಳಿದ್ದ ಮಣ್ಣಿನ ಪದರಗಳನ್ನೇ ಕಸವೆಂದು ತೆಗೆಸಿಹಾಕಿದ. 1905ರಲ್ಲಿ ರ‍್ಯಾಂಡಲ್ ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಎಂಬ ಮಹಿಳೆ ಉತ್ಖನನ ನಡೆಸಿ ಇದು ಆಫ್ರಿಕದವರದೇ ಕೆಲಸವೆಂದು ತೋರಿಸಿಕೊಟ್ಟರು. ಆದರೂ ರೊಡೇಷಿಯಾದ ಬಿಳಿಯರ ಸರಕಾರಕ್ಕೆ ಈ ಸತ್ಯ ಹಿಡಿಸಲಿಲ್ಲ. ಅದನ್ನೇ ಹೇಳುತ್ತಿದ್ದ ಪುರಾತತ್ವಜ್ಞ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಡಬೇಕಾಯಿತು. 1980ರಲ್ಲಿ ಸ್ವಾತಂತ್ರ್ಯ ಬಂದಾಗ ಜನರು ದೇಶಕ್ಕೆ ಈ ನಗರದ ಹೆಸರನ್ನೇ ಇಟ್ಟುಕೊಂಡರು. ಇಲ್ಲಿ ದೊರೆತ ಬಳಪದ ಕಲ್ಲಿನ ಹಕ್ಕಿ ಅವರ ಧ್ವಜದ ಮೇಲೂ ನಾಣ್ಯದ ಮೇಲೂ ಬಂದು ಕುಳಿತಿತು.

ಮೂರನೆಯದಾದ ಕರೀಬಾ ಇಂದು ದೋಣಿವಿಹಾರಕ್ಕೂ ಮೀನುಬೇಟೆಗೂ ದಂಡೆಗೆ ಬರುವ ಆನೆಗಳಿಗೂ ಪ್ರಸಿದ್ಧ. 1955ರಿಂದ 1959ರವರೆಗೆ ಜಾಂಬೆಜಿಗೆ ಕಟ್ಟಿದ 128 ಮೀಟರ್ ಎತ್ತರದ ಅಣೆಕಟ್ಟಿನಿಂದ ಈ ಸರೋವರ ಹುಟ್ಟಿತು. ಮನುಷ್ಯ ನಿರ್ಮಿಸಿದ ಜಲಾಶಯಗಳಲ್ಲಿ ನೀರಿನ ಪ್ರಮಾಣದ ಲೆಕ್ಕಕ್ಕೆ ಇದೇ ಜಗತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡದು. ನೀರು ಏರಿದಾಗ ನಡುಗಡ್ಡೆಗಳಲ್ಲಿ ಸಿಕ್ಕಿಬಿದ್ದ ಕಾಡುಪ್ರಾಣಿಗಳನ್ನು ದೋಣಿಗಳಲ್ಲಿ ಸಾಗಿಸಿ ಕಾಪಾಡಿದರು. 'ಆಪರೇಷನ್ ನೋವಾ' ಎಂಬ ಆ ಕಾರ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಪ್ರಾಣಿಗಳು ಉಳಿದವು. ಜಗತ್ತಿನ ಪತ್ರಿಕೆಗಳು ಅದನ್ನು ಕೊಂಡಾಡಿದವು.

ಅದೇ ನೀರು ಸುಮಾರು 57,000 ತೋಂಗಾ ಜನರ ಮನೆ, ಹೊಲ, ಹಿರಿಯರ ಗೋರಿಗಳನ್ನೂ ನುಂಗಿತು. ನದಿಯ ಮೆಕ್ಕಲು ಮಣ್ಣಿನಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಿದ್ದ ಅವರನ್ನು ಲಾರಿಗಳಲ್ಲಿ ತುಂಬಿ ಒಣನೆಲಕ್ಕೆ ಸಾಗಿಸಿದರು. ಉತ್ತರ ದಂಡೆಯಲ್ಲಿ ಹೊರಡಲು ಒಪ್ಪದವರ ಮೇಲೆ 1958ರ ಸೆಪ್ಟೆಂಬರಿನಲ್ಲಿ ಪೊಲೀಸರು ಗುಂಡು ಹಾರಿಸಿ ಎಂಟು ಜನ ಸತ್ತರು. ಅಣೆಕಟ್ಟು ಕಟ್ಟುತ್ತಿದ್ದಾಗ 1957 ಮತ್ತು 1958ರಲ್ಲಿ ದೊಡ್ಡ ನೆರೆ ಬಂದು ಕೆಲಸ ಕೆಟ್ಟಿತು. ತಮ್ಮ ನದಿಯ ದೈವ ನ್ಯಾಮಿನ್ಯಾಮಿ ಮುನಿದದ್ದೇ ಕಾರಣವೆಂದು ತೋಂಗಾ ಜನ ನಂಬಿದರು. ಮೀನಿನ ತಲೆ, ಹಾವಿನ ಮೈಯ ಆ ದೈವದ ಗೊಂಬೆಯನ್ನು ಇಂದು ಪ್ರವಾಸಿಗಳು ಕೊಂಡು ಮನೆಗೆ ಒಯ್ಯುತ್ತಾರೆ.

ಮೊದಲು ಮರದ ದೋಣಿಯಲ್ಲಿ ಆಚೆ ದಂಡೆಯ ನೆಂಟರ ಮನೆಗೆ ಹೋಗಿಬರುತ್ತಿದ್ದವರ ನಡುವೆ ಸಮುದ್ರದಂಥ ನೀರು ನಿಂತಿತು. 1964ರಲ್ಲಿ ಉತ್ತರ ದಂಡೆ ಜಾಂಬಿಯಾ ಎಂಬ ಸ್ವತಂತ್ರ ದೇಶಕ್ಕೆ ಸೇರಿದಾಗ ಅದೇ ನೀರು ದೇಶದೇಶದ ಗಡಿಯೂ ಆಯಿತು. ಕರೀಬಾದ ವಿದ್ಯುತ್ತು ತಾಮ್ರದ ಗಣಿಗಳಿಗೂ ನಗರಗಳಿಗೂ ಹರಿಯಿತು. ದಕ್ಷಿಣದ ತೋಂಗಾ ಜನ ನೆಲೆಸಿದ ಬಿಂಗಾದ ಹಳ್ಳಿಗಳು ದಶಕಗಳ ಕಾಲ ಕತ್ತಲಲ್ಲೇ ಉಳಿದವು. ಶಾಲೆಯಲ್ಲಿ ಅವರ ಮಕ್ಕಳು ಶೋನಾವನ್ನೋ ಎನ್‌ಡೆಬೆಲೆಯನ್ನೋ ಕಲಿಯಬೇಕಾಗಿತ್ತು. ಅವರ ಹಿರಿಯರೂ ಶಿಕ್ಷಕರೂ ಸಮಿತಿ ಕಟ್ಟಿ, ಅರ್ಜಿ ಬರೆದು, ಪಠ್ಯಪುಸ್ತಕ ಸಿದ್ಧಪಡಿಸಿ ವರ್ಷಗಟ್ಟಲೆ ಓಡಾಡಿದರು. 2011ರಲ್ಲಿ ತೋಂಗಾ ಮಕ್ಕಳು 7ನೆಯ ತರಗತಿಯ ಸರಕಾರಿ ಪರೀಕ್ಷೆಯಲ್ಲಿ ಮೊದಲ ಬಾರಿಗೆ ತಮ್ಮ ಭಾಷೆಯ ಉತ್ತರಪತ್ರಿಕೆ ಬರೆದರು. 2013ರ ಸಂವಿಧಾನ ಮಾನ್ಯ ಮಾಡಿದ 16 ಭಾಷೆಗಳಲ್ಲಿ ತೋಂಗಾವೂ ಒಂದು.

ಈ ಕಥೆಯನ್ನು ಓದುವಾಗ ನಮ್ಮ ಕಾಸರಗೋಡು ನೆನಪಾಗದೆ ಇರದು. ಆದರೆ ಹೋಲಿಕೆಯನ್ನು ಅಳತೆ ಮೀರಿ ಎಳೆಯಬಾರದು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದಾಗ ನಮ್ಮ ಮನೆ, ತೋಟ ಮುಳುಗಲಿಲ್ಲ, ಇದ್ದಲ್ಲೇ ಇದ್ದೆವು. ನಮಗೆ ಶಾಲೆಗಳಿದ್ದವು, ಲಿಪಿಯಿತ್ತು, ಸಾವಿರ ವರ್ಷಕ್ಕೂ ಮೀರಿದ ಸಾಹಿತ್ಯವಿತ್ತು. ಇಷ್ಟೆಲ್ಲ ಕೈಯಲ್ಲಿದ್ದೂ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಲು ಹಿಂದೆಮುಂದೆ ನೋಡುವ ಮನೆಗಳು ನಮ್ಮಲ್ಲಿವೆ. ತೋಂಗಾ ಜನ ಎಲ್ಲ ಕಳೆದುಕೊಂಡ ಮೇಲೂ ಮಕ್ಕಳ ಉತ್ತರಪತ್ರಿಕೆಯಲ್ಲಿ ತಮ್ಮ ಭಾಷೆ ಇರಲೇಬೇಕೆಂದು ಹಟ ಹಿಡಿದರು.

ಒಂದು ಊರಿಗೆ ಎರಡು ಭಾಷೆಗಳಲ್ಲಿ ಎರಡು ಹೆಸರಿದ್ದರೆ ಕೊರತೆಯೇನಿಲ್ಲ. ಮಂಜೇಶ್ವರ ಎನ್ನುವವರೂ ಮಂಜೇಶ್ವರಂ ಎನ್ನುವವರೂ ಒಂದೇ ಬಸ್ಸಿನಲ್ಲಿ ಒಂದೇ ಊರಿಗೆ ಇಳಿಯುತ್ತಾರೆ. ಈ ಸಂಚಿಕೆಯಲ್ಲೂ ಎರಡು ಲಿಪಿಗಳು ಒಟ್ಟಿಗೆ ಇವೆ. ಒಂದು ಹೆಸರು ಇನ್ನೊಂದನ್ನು ಅಳಿಸದಂತೆ ನೋಡಿಕೊಳ್ಳುವುದು ಆ ಹೆಸರಿನವರ ಕೆಲಸ. ಅದನ್ನು ಬೇರೆ ಯಾರೂ ನಮಗಾಗಿ ಮಾಡಿಕೊಡುವುದಿಲ್ಲ.