ಒಂದು ಸೆಕೆಂಡಿನ ಗೆಲುವು, ಕೊನೆಯವರಿಗೊಂದು ದೀಪ



ಓಟದ ಚರಿತ್ರೆ ಎಂದರೆ ಗೆದ್ದವರ ಪಟ್ಟಿ ಎಂದೇ ನಾವು ತಿಳಿಯುತ್ತೇವೆ. ಅಮೆರಿಕದ ಅಲಾಸ್ಕಾದಲ್ಲಿ ಪ್ರತಿ ವರ್ಷ ಮಾರ್ಚ್‌ನಲ್ಲಿ ನಡೆಯುವ ಇಡಿಟರಾಡ್ ಓಟದ ಚರಿತ್ರೆ ಅಷ್ಟಕ್ಕೇ ಮುಗಿಯುವುದಿಲ್ಲ. ನಾಯಿಗಳು ಎಳೆಯುವ ಹಿಮಬಂಡಿಯಲ್ಲಿ ಸುಮಾರು 1,600 ಕಿ.ಮೀ. ಸಾಗಿ ನೋಮ್ ಪಟ್ಟಣ ಮುಟ್ಟಬೇಕಾದ ಓಟವಿದು.

ನೋಮ್‌ನ ಜನರಿಗೆ ನಾಯಿಬಂಡಿ ಬರೀ ಆಟವಾಗಿರಲಿಲ್ಲ. 1925ರ ಚಳಿಗಾಲದಲ್ಲಿ ಅಲ್ಲಿನ ಮಕ್ಕಳಿಗೆ ಡಿಫ್ತೀರಿಯಾ ಎಂಬ ಗಂಟಲುಮಾರಿ ತಗಲಿತು. ಸಮುದ್ರ ಹೆಪ್ಪುಗಟ್ಟಿದ್ದರಿಂದ ಹಡಗು ಬರುವಂತಿರಲಿಲ್ಲ. ಆಗ 20 ಮಂದಿ ಚಾಲಕರು, ಸುಮಾರು 150 ನಾಯಿಗಳು ಒಬ್ಬರಿಂದ ಒಬ್ಬರಿಗೆ ಔಷಧ ದಾಟಿಸುತ್ತಾ ನೆನಾನಾದಿಂದ 1,085 ಕಿ.ಮೀ. ದೂರವನ್ನು ಐದೂವರೆ ದಿನಗಳಲ್ಲಿ ಕ್ರಮಿಸಿದರು. ಕೊನೆಗೆ ಊರು ಸೇರಿದ ಬಾಲ್ಟೊ ಎಂಬ ನಾಯಿ ಹೆಸರುವಾಸಿಯಾಯಿತು. ಆದರೆ ಎಲ್ಲರಿಗಿಂತ ಹೆಚ್ಚು ದೂರ ಓಡಿದ್ದು ಲಿಯೊನಾರ್ಡ್ ಸೆಪಲಾ ಅವರ ತಂಡ. ಅದರ ಮುಂದಾಳು ಟೋಗೊ.

1960ರ ದಶಕದಲ್ಲಿ ಹಿಮದ ಮೋಟಾರುಗಳು ಬಂದು, ಹಳ್ಳಿಗಳಿಂದ ನಾಯಿತಂಡಗಳು ಮರೆಯಾಗತೊಡಗಿದವು. ಅವುಗಳನ್ನು ಉಳಿಸಲೆಂದು ಜೋ ರೆಡಿಂಗ್ಟನ್ ಮತ್ತು ಸಂಗಡಿಗರು 1973ರಲ್ಲಿ ಆಂಕರೇಜ್‌ನಿಂದ ನೋಮ್‌ಗೆ ಓಟ ಏರ್ಪಡಿಸಿದರು. ಮೊದಲ ವರ್ಷ ಗೆದ್ದ ಡಿಕ್ ವಿಲ್ಮಾರ್ತ್‌ಗೆ 20 ದಿನಗಳು ಬೇಕಾದವು.

1978ರಲ್ಲಿ ಡಿಕ್ ಮ್ಯಾಕಿ ಒಂದೇ ಒಂದು ಸೆಕೆಂಡಿನಿಂದ ರಿಕ್ ಸ್ವೆನ್ಸನ್ ಅವರನ್ನು ಸೋಲಿಸಿದರು. 1985ರಲ್ಲಿ ಉಳಿದವರು ಬಿರುಗಾಳಿಗೆ ಅಂಜಿ ನಿಂತಾಗ ಲಿಬ್ಬಿ ರಿಡಲ್ಸ್ ಮುಂದೆ ಹೊರಟರು. ಈ ಓಟ ಗೆದ್ದ ಮೊದಲ ಮಹಿಳೆ ಅವರೇ. ಮುಂದಿನ ಐದು ವರ್ಷಗಳಲ್ಲಿ ಸೂಸನ್ ಬುಚರ್ ನಾಲ್ಕು ಬಾರಿ ಗೆದ್ದರು. ಸ್ವೆನ್ಸನ್ ಸೋತು ಕೂರಲಿಲ್ಲ, 1991ರ ಹೊತ್ತಿಗೆ ಐದು ಬಾರಿ ಗೆದ್ದಿದ್ದರು. ಡಿಕ್ ಮ್ಯಾಕಿಯ ಮಗ ಲ್ಯಾನ್ಸ್, ಗಂಟಲಿನ ಕ್ಯಾನ್ಸರ್‌ನಿಂದ ಚೇತರಿಸಿಕೊಂಡು 2007ರಿಂದ 2010ರವರೆಗೆ ಸತತ ನಾಲ್ಕು ವರ್ಷ ಗೆದ್ದರು. 2017ರಲ್ಲಿ 57 ವರ್ಷದ ಮಿಚ್ ಸೀವಿ 8 ದಿನ, 3 ಗಂಟೆ, 40 ನಿಮಿಷಗಳಲ್ಲಿ ಗುರಿ ಮುಟ್ಟಿದರು. ಅವರ ಮಗ ಡಲಾಸ್ 2024ರಲ್ಲಿ ಆರನೆಯ ಬಾರಿ ಗೆದ್ದು, ಸ್ವೆನ್ಸನ್ ದಾಖಲೆಯನ್ನು ಮುರಿದರು.

ಈ ವೇಗದ ಭಾರ ಹೊರುವುದು ನಾಯಿಗಳು. ದಾರಿಯ ಠಾಣೆಗಳಲ್ಲಿ ಪಶುವೈದ್ಯರಿದ್ದಾರೆ. ಒಮ್ಮೆ 24 ಗಂಟೆ, ಎರಡು ಬಾರಿ ಎಂಟೆಂಟು ಗಂಟೆ ಕಡ್ಡಾಯ ವಿಶ್ರಾಂತಿಯೂ ಇದೆ. ಆದರೂ 2024ರಲ್ಲಿ ಮೂರು ನಾಯಿಗಳು ಸತ್ತವು. ಈ ಓಟವೇ ಬೇಡ ಎನ್ನುವವರ ಮಾತನ್ನೂ ನಾವು ಕೇಳಬೇಕು.

ಗೆದ್ದವರು ಬಂದ ಮೇಲೂ ನೋಮ್‌ನಲ್ಲಿ ಒಂದು ದೀಪ ಉರಿಯುತ್ತಲೇ ಇರುತ್ತದೆ. ಕೊನೆಯ ಚಾಲಕ ಕ್ಷೇಮವಾಗಿ ಬಂದು ಸೇರಿದ ಮೇಲೆಯೇ ಅದನ್ನು ಆರಿಸುತ್ತಾರೆ. ಕೊನೆಯವರಿಗೆ ಕೆಂಪು ಲಾಂದ್ರದ ಬಹುಮಾನವೂ ಉಂಟು. 1973ರಲ್ಲಿ ಜಾನ್ ಶುಲ್ಟ್ಸ್ ಹಾಗೆ ಬಂದು ಸೇರಿದ್ದು 32 ದಿನಗಳ ನಂತರ. ಮುಂದಿನ ಕ್ರೀಡಾಕೂಟದಲ್ಲಿ ಮೊದಲನೆಯವರಿಗೆ ಚಪ್ಪಾಳೆ ತಟ್ಟಿ ಮನೆಗೆ ಹೊರಡುವ ಮುನ್ನ, ಇನ್ನೂ ಓಡುತ್ತಿರುವವರು ಬರುವ ತನಕ ನಾವೂ ಕಾಯೋಣ.